ಕಪ್ಪೆಲೆಯ ಮೇಲೆ ಧೂಳು ಕಾಣುತ್ತದೆ

ನಮ್ಮ ಚಿಕ್ಕಮ್ಮನ ಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದರು. ಅದು ನೆಲಮಹಡಿಯ ಮನೆ. ಎದುರಿನ ಎತ್ತರದ ಕಟ್ಟಡ ಬಿಸಿಲನ್ನೆಲ್ಲ ನುಂಗಿ ಕೂತಿದೆ. ಮುಂದಿನ ಕೋಣೆಯ ಬಿಳಿ ಗೋಡೆಗೆ ಬೆನ್ನು ಕೊಟ್ಟು ಕರಿಗೆಂಪು ಎಲೆಗಳ ರಬ್ಬರ್ ಗಿಡವೊಂದು ಆಳೆತ್ತರ ನಿಂತಿತ್ತು. ಅದರ ಕಾಲ ಬಳಿ ಇದ್ದಿಲಿನ ಬಣ್ಣದ ದಪ್ಪ ಎಲೆಯ ಇನ್ನೊಂದು ಗಿಡ. ಕಿಟಕಿಯ ದಂಡೆಯ ಮೇಲೆ ಮಖಮಲ್ಲಿನಂಥ ಎಲೆಯ ಬಿಗೋನಿಯಾ. ಹೊಲಿಗೆ ಮೆಷಿನ್ ಪಕ್ಕದ ಕಪಾಟಿನಿಂದ ನೇರಳೆಗಪ್ಪು ಬಳ್ಳಿಯೊಂದು ಇಳಿಬಿದ್ದಿತ್ತು. "ಇದೇನ್ರೀ, ಎಲ್ಲಾ ಕಪ್ಪು!" ಎನ್ನುತ್ತಿದ್ದರು ಬಂದವರು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದದ್ದು ಅಷ್ಟರಲ್ಲಿ ಮರೆತಿರುತ್ತಿತ್ತು.

ಚಿಕ್ಕಮ್ಮ ಬಟ್ಟೆ ತಿದ್ದುವ ದರ್ಜಿ. ಹೊಸದನ್ನು ಹೊಲಿಯುವುದು ಕಡಿಮೆ, ಹೊಲಿದದ್ದನ್ನು ಸರಿಪಡಿಸುವುದು ಹೆಚ್ಚು. ಪ್ಯಾಂಟಿನ ಸೊಂಟ ಸಡಿಲಿಸುವುದು, ಜಿಪ್ ಬದಲಿಸುವುದು, ಅಣ್ಣನ ಕೋಟನ್ನು ತಮ್ಮನ ಹೆಗಲಿಗೆ ಕೂರಿಸುವುದು. ಚಿಕ್ಕಪ್ಪ ಬೂಟಿನ ಅಂಗಡಿಯೊಂದರಲ್ಲಿ ಹಳೆಯ ನೌಕರರು. ಮನೆಯಲ್ಲಿರುವ ಮೂರನೆಯವರು ಚಿಕ್ಕಪ್ಪನ ತಾಯಿ, ನಮಗೆಲ್ಲ ಅಜ್ಜಿ. ಅಜ್ಜಿಯ ಮಂಡಿ ಸೋತಿದೆ, ನಾಲಿಗೆ ಇನ್ನೂ ಸೋತಿಲ್ಲ.

ರಬ್ಬರ್ ಗಿಡ ಬಂದದ್ದು ಗಿರಾಕಿಯೊಬ್ಬರಿಂದ. ಬ್ಯಾಂಕಿನವರು, ವರ್ಗವಾಗಿ ಹೊರಟಿದ್ದರು. "ಇದನ್ನ ಲಾರಿಗೆ ಹಾಕಿದ್ರೆ ಮುರಿದು ಹೋಗುತ್ತೆ, ನಿಮ್ಮಲ್ಲೇ ಇರ್ಲಿ" ಎಂದು ಇಟ್ಟು ಹೋದರು. ಚಿಕ್ಕಮ್ಮ ಅದನ್ನು ಬೀರುವಿನ ಪಕ್ಕದ ಮೂಲೆಯಲ್ಲಿಟ್ಟಳು. ಅಲ್ಲಿ ಗಿಡವೊಂದು ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಕಪ್ಪು ಬಟ್ಟೆಯ ಅಂದ ಎದ್ದು ಕಾಣಬೇಕಾದರೆ ಪಕ್ಕದಲ್ಲಿ ತಿಳಿಬಣ್ಣ ಬೇಕೆಂದು ಅವಳ ಕೈಗೆ ಗೊತ್ತಿತ್ತು. "ರೀ, ಈ ಗೋಡೆಗೆ ಬಿಳಿ ಹೊಡೆಸೋಣ್ವಾ?" ಎಂದಳು. "ಮುಂದಿನ ವರ್ಷ ನೋಡೋಣ" ಎಂದರು ಚಿಕ್ಕಪ್ಪ. ಚಿಕ್ಕಮ್ಮ ಮುಂದಿನ ವಾರ ತಾನೇ ಬಣ್ಣದ ಡಬ್ಬ ತಂದಳು. ಒಂದು ಪ್ಯಾಂಟು ಮುಗಿಸುವುದು, ಒಂದಿಷ್ಟು ಗೋಡೆ ಬಳಿಯುವುದು, ಒಲೆಯ ಮೇಲಿನದನ್ನು ಇಳಿಸಿ ಬರುವುದು, ಹೀಗೇ ಗೋಡೆ ಬಿಳಿಯಾಯಿತು. ಖಾಲಿಯಾದ ಡಬ್ಬಕ್ಕೆ ಉಳಿಕೆ ಬಟ್ಟೆಯಿಂದ ಸಾಸಿವೆ ಬಣ್ಣದ ಅಂಗಿ ಹೊಲಿದು ತೊಡಿಸಿದಳು. ಗಿಡವನ್ನು ಅದರೊಳಗೆ ಕೂರಿಸಿ ಗೋಡೆಯ ಮುಂದೆ ತಂದಿಟ್ಟ ದಿನ ಕೋಣೆಯೇ ಒಂದು ಅಡಿ ಅಗಲವಾದಂತೆ ಕಂಡಿತು.

ಆಮೇಲೆ ಒಂದೊಂದಾಗಿ ಉಳಿದವು ಬಂದವು. ಎಲ್ಲವೂ ಕಪ್ಪೆಲೆಯವೇ.

"ಎಲೆ ಅಂದ್ಮೇಲೆ ಹಸಿರಾಗಿರ್ಬೇಕು. ಇದೇನೇ ಇದು, ಪಾತ್ರೆ ತಳ ಹಿಡಿದ ಹಾಗೆ!" ಎಂದು ಅಜ್ಜಿ ಮೂಗು ಮುರಿದರು.

"ತಳ ಹಿಡಿದಿದ್ದನ್ನ ಉಜ್ಜೋಳು ನಾನು ತಾನೇ ಅತ್ತೆ, ನೀವ್ಯಾಕೆ ಚಿಂತೆ ಮಾಡ್ತೀರಿ?"

ಉಜ್ಜುವ ಕೆಲಸವೂ ಇತ್ತು. ದರ್ಜಿಯ ಮನೆಯಲ್ಲಿ ಗಾಳಿಯ ತುಂಬ ನೂಲಿನ ಎಳೆ, ಬಟ್ಟೆಯ ಪುಡಿ. ಹಸಿರೆಲೆಯಾದರೆ ಧೂಳನ್ನು ಒಂದಷ್ಟು ದಿನ ಮುಚ್ಚಿಕೊಂಡಿರುತ್ತದೆ. ಕಪ್ಪೆಲೆ ಹಾಗಲ್ಲ, ಅದು ಚಾಡಿಕೋರ. ನಿನ್ನೆ ಒರೆಸಿದ್ದು ಇವತ್ತಿಗೆ ಬೂದಿ ಬಳಿದಂತಾಗುತ್ತದೆ. ಬೆಳಗಿನ ಟೀ ಲೋಟಗಳನ್ನು ತೊಳೆದಿಟ್ಟ ಮೇಲೆ ಚಿಕ್ಕಮ್ಮ ಚಿಕ್ಕಪ್ಪನ ಹಳೆಯ ಬನಿಯನ್ನಿನ ತುಂಡನ್ನು ಒದ್ದೆ ಮಾಡಿಕೊಂಡು, ಎಲೆಯ ಅಡಿಗೆ ಎಡಗೈ ಕೊಟ್ಟು, ಮಗುವಿನ ಮುಖ ಒರೆಸಿದಂತೆ ಒಂದೊಂದನ್ನೂ ಒರೆಸುತ್ತಿದ್ದಳು. ಅದನ್ನು ಯಾರೂ ನೋಡುತ್ತಿರಲಿಲ್ಲ. ಚಿಕ್ಕಪ್ಪ ಆಗ ಪೇಪರಿನ ಹಿಂದಿರುತ್ತಿದ್ದರು. ಅಲ್ಲಿ ನೋಡುವಂಥದ್ದು ಏನಾದರೂ ನಡೆಯುತ್ತಿದೆ ಎಂದು ಅವರಿಗೆ ಅನ್ನಿಸಿದ್ದೂ ಇಲ್ಲ. ಎಲೆಗಳು ಮಿನುಗುತ್ತಿದ್ದವು, ಅಷ್ಟೆ. ಸೂರ್ಯ ಹುಟ್ಟುತ್ತಾನೆ, ನಲ್ಲಿಯಲ್ಲಿ ನೀರು ಬರುತ್ತದೆ, ಎಲೆ ಮಿನುಗುತ್ತದೆ.

ಒಂದು ದಿನ ಫ್ಯಾನಿನ ರೆಕ್ಕೆ ಒರೆಸಲು ಸ್ಟೂಲು ಹತ್ತಿದ ಚಿಕ್ಕಮ್ಮ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು.

ನಾನು ನೋಡಲು ಹೋದಾಗ ಮೂವರೂ ಮುಂದಿನ ಕೋಣೆಯಲ್ಲಿದ್ದರು, ಗಿಡಗಳ ಬಗ್ಗೆಯೇ ಮಾತು ನಡೆದಿತ್ತು.

"ಯಾರಿಗಾದ್ರೂ ಕೊಟ್ಬಿಡೋಣ. ಕೈ ಸರಿಯಾಗೋವರೆಗೂ ಇರೋ ಕೆಲಸವೇ ಬೇಕಾದಷ್ಟಿದೆ" ಎಂದರು ಚಿಕ್ಕಪ್ಪ.

"ಹೌದು ಕಣೆ, ಪೀಡೆ ಕಳೆಯುತ್ತೆ" ಎಂದರು ಅಜ್ಜಿ.

ಚಿಕ್ಕಮ್ಮ ಸಾಮಾನ್ಯವಾಗಿ ಇಂಥ ಮಾತಿಗೆ ಏನಾದರೊಂದು ತಮಾಷೆ ಹೇಳಿ ತೇಲಿಸಿಬಿಡುವವಳು. ಅವತ್ತು ತೇಲಿಸಲಿಲ್ಲ. "ಹೊರಗಿಂದ ಬ್ರೆಡ್ಡು ತಂದು ತಿನ್ನೋಣ. ಬಟ್ಟೆ ರಾಶಿ ಬೀಳ್ಲಿ. ನೆಲ ಕೊಳೆ ಆಗ್ಲಿ, ನಾನು ಚಕಾರ ಎತ್ತಲ್ಲ. ಗಿಡ ಮಾತ್ರ ಕೊಡಬೇಡಿ. ಈ ಮನೇಲಿ ನಾನು ಮಾಡೋದೆಲ್ಲಾ ನಿಮಗೋಸ್ಕರ, ಗಿರಾಕಿಗೋಸ್ಕರ. ಇದೊಂದು ನನಗೋಸ್ಕರ ಮಾಡಿಕೊಂಡಿದ್ದು" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ಎಡಗೈಯಲ್ಲಿ ಒರೆಸಿಕೊಂಡಳು.

"ಅಯ್ಯೋ, ಅಳ್ತೀಯಾಕೆ? ಇಡೋಣ ಬಿಡು. ನಾನೇ ನೋಡ್ಕೋತೀನಿ" ಎಂದುಬಿಟ್ಟರು ಚಿಕ್ಕಪ್ಪ. ಹೇಳಿದ ಮೇಲೆ ಏನನ್ನು ಒಪ್ಪಿಕೊಂಡೆ ಎಂಬಂತೆ ಗಿಡಗಳ ಕಡೆ ತಿರುಗಿ ನೋಡಿದರು.

ಅವರು ಮಾತಿಗೆ ತಪ್ಪುವವರಲ್ಲ. ನೀರು ಹಾಕಿದರು. ಆದರೆ ಎಲೆ ದಿನದಿನಕ್ಕೆ ಬೂದುಬಣ್ಣಕ್ಕೆ ತಿರುಗಿತು. ಹೊಲಿಗೆ ನಿಂತಿದ್ದರೂ ಧೂಳು ನಿಂತಿರಲಿಲ್ಲ. ಕೊಟ್ಟ ಬಟ್ಟೆ ವಾಪಸು ಒಯ್ಯಲು ಬಂದವರೆಲ್ಲ ಗಿಡದ ಕಡೆ ನೋಡಿ "ಪಾಪ" ಎನ್ನತೊಡಗಿದರು. ಚಿಕ್ಕಪ್ಪನಿಗೆ ಅವಮಾನವಾಯಿತು. ಅಂಗಡಿಯ ಗಾಜಿನ ಹಿಂದೆ ಒಂದು ಬೂಟಿಗೂ ಧೂಳು ಕೂರಲು ಬಿಡದ ಮನುಷ್ಯ ಅವರು. ಚಿಕ್ಕಮ್ಮ ಆಸ್ಪತ್ರೆಗೆ ಕೈ ತೋರಿಸಲು ಹೋಗಿದ್ದ ಒಂದು ಮಧ್ಯಾಹ್ನ ರಜೆ ಹಾಕಿ ಕೂತು ತಮಗೆ ಬರುವ ವಿದ್ಯೆಯನ್ನೆಲ್ಲ ಧಾರೆ ಎರೆದರು.

ಚಿಕ್ಕಮ್ಮ ಬಂದು ನೋಡಿದರೆ ಮನೆ ಜಗಮಗ. ರಬ್ಬರ್ ಗಿಡದಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಆಮೇಲೆ ಅವಳ ಮೂಗು ಅರಳಿತು.

"ರೀ, ಇದೇನು ವಾಸನೆ?"

"ಪಾಲಿಶ್" ಎಂದರು ಚಿಕ್ಕಪ್ಪ, ಹೆಮ್ಮೆಯಿಂದ. "ಹಾಗೇ ಮೆತ್ತಿದ್ದಲ್ಲ. ಈ ಕರಿಗೆಂಪಿಗೆ ಬ್ರೌನು. ಆ ಇದ್ದಿಲ ಬಣ್ಣದ್ದಕ್ಕೆ ಬ್ಲ್ಯಾಕು. ಬಳ್ಳಿಗೆ ಬಣ್ಣ ಹೊಂದಲಿಲ್ಲ, ಬಣ್ಣವಿಲ್ಲದ ನ್ಯೂಟ್ರಲ್ ಹಾಕಿದೆ. ಅಡಿಭಾಗಾನೂ ಬಿಟ್ಟಿಲ್ಲ."

"ಬಿಗೋನಿಯಾಕ್ಕೆ?"

"ಅದು ಸ್ವೇಡ್ ಅಲ್ವಾ, ಮಖಮಲ್ ಥರದ ಚರ್ಮ? ಅದಕ್ಕೆ ಬರೀ ಬ್ರಶ್ ಹೊಡೆದೆ."

ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದಳು. ನಗು ಒಂದು ಕಡೆಯಿಂದ, ಅಳು ಇನ್ನೊಂದು ಕಡೆಯಿಂದ ಒಟ್ಟಿಗೇ ಬಂತು. "ಎಲೆ ಉಸಿರಾಡುತ್ತೆ ರೀ! ಅದೇನು ಆಫೀಸಿಗೆ ಹೋಗುತ್ತಾ ಪಾಲಿಶ್ ಹಾಕ್ಕೊಂಡು?"

ಚಿಕ್ಕಪ್ಪನ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಬ್ರಶ್ಶನ್ನು ಬೆನ್ನ ಹಿಂದೆ ಹಿಡಿದರು. ಅವರು ಕಾಟಾಚಾರಕ್ಕೆ ಮಾಡಿದ್ದರೆ ಅಡಿಭಾಗವಾದರೂ ಉಳಿಯುತ್ತಿತ್ತು. ಪೂರ್ತಿ ಮನಸ್ಸಿಟ್ಟು ಮಾಡಿದ್ದೇ ಗಿಡಕ್ಕೆ ಮುಳುವಾಯಿತು.

ರಬ್ಬರ್ ಗಿಡ ಎಲೆ ಉದುರಿಸಲು ಶುರುಮಾಡಿತು. ಮೊದಲು ಕೆಳಗಿನದು, ಆಮೇಲೆ ಅದರ ಮೇಲಿನದು. ಬಿದ್ದಾಗ ಟಪ್ ಎಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಚಿಕ್ಕಮ್ಮ ಒಳಗಿನ ಕೋಣೆಯಿಂದ ಎದ್ದು ಬರುತ್ತಿದ್ದಳು. ಒಂದೇ ಕೈಯಲ್ಲಿ ಸಾಬೂನು ನೀರು ಮಾಡಿಕೊಂಡು ಒರೆಸಲು ನೋಡಿದಳು. ಎಡಗೈ ಎಲೆ ಹಿಡಿದರೆ ಒರೆಸುವುದಕ್ಕೆ ಕೈ ಇಲ್ಲ, ಒರೆಸಿದರೆ ಹಿಡಿಯುವುದಕ್ಕೆ ಇಲ್ಲ.

ಅಜ್ಜಿ ತಮ್ಮ ಕೋಣೆಯ ಮಂಚದಿಂದಲೇ ಇದನ್ನೆಲ್ಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ "ಸರಿ ಆಚೆ" ಎಂದು ಗೊಣಗುತ್ತ, ಗೋಡೆ ಹಿಡಿದುಕೊಂಡು ಬಂದು ಗಿಡದ ಮುಂದೆ ಸ್ಟೂಲು ಎಳೆದು ಕೂತರು.

"ಆ ಬೇಸಿನ್ ಇಲ್ಲಿ ಕೊಡು. ಬೆಚ್ಚಗಿದೆಯಾ? ಜಿಡ್ಡು ತಣ್ಣೀರಿಗೆ ಬಿಡೋದಿಲ್ಲ."

"ಅತ್ತೆ, ನಿಮ್ಮ ಮಂಡಿ..."

"ನಾನೇನು ಮಂಡಿಯಿಂದ ಒರೆಸ್ತೀನಾ?"

ಎಲೆಯಿಂದ ಎಲೆಗೆ, ಕೆಳಗಿನಿಂದ ಮೇಲಕ್ಕೆ, ಅಜ್ಜಿ ಮಗನ ಪಾಲಿಶ್ ತೆಗೆದರು. ಬಟ್ಟೆ ಕಪ್ಪಾಯಿತು, ನೀರು ಕಂದಾಯಿತು, ಚಿಕ್ಕಮ್ಮ ಎಡಗೈಯಲ್ಲಿ ನೀರು ಬದಲಿಸುತ್ತ ಹೋದಳು. ಒಂದೇ ಮಧ್ಯಾಹ್ನಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಮರುದಿನವೂ ಕೂತರು, ಅದರ ಮರುದಿನವೂ. ಅವರಿಬ್ಬರು ಅಷ್ಟು ಹೊತ್ತು ಜೊತೆಯಲ್ಲಿ ಕೂತದ್ದು ಅದೇ ಮೊದಲು ಎಂದು ಚಿಕ್ಕಮ್ಮ ಆಮೇಲೆ ನನಗೆ ಹೇಳಿದಳು. ಒಂದೇ ಅಡುಗೆಮನೆಯಲ್ಲಿ ಇಷ್ಟು ಕಾಲ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಿದ್ದರು.

"ನನ್ನ ಕಾಲದಲ್ಲಿ ನಾನೂ ಒರೆಸಿದ್ದೇ ಒರೆಸಿದ್ದು" ಎಂದರು ಅಜ್ಜಿ, ಎಲೆಯ ಅಡಿಗೆ ಬೆರಳು ಹಾಕಿ. "ಕಿಟಕಿ, ಕುರ್ಚಿ, ನಿನ್ನ ಮಾವನ ಟೇಬಲ್ಲು. ಯಾರಿಗೆ ಗೊತ್ತು? ಒರೆಸಿದ ಮೇಲೆ ಏನೂ ಕಾಣೋದಿಲ್ವಲ್ಲ. ಏನೂ ಕಾಣದ ಹಾಗೆ ಮಾಡೋದೇ ಆ ಕೆಲಸ." ಬಟ್ಟೆ ಹಿಂಡಿ, "ನಿನ್ನ ಈ ಕರಿ ಗಿಡಗಳಿಗೆ ಬಾಯಿದೆ ಕಣೆ. ನಿನ್ನ ಕೈ ನಿಂತಿದೆ ಅಂತ ಊರಿಗೆಲ್ಲಾ ಹೇಳಿಬಿಟ್ವು" ಎಂದರು.

ರಬ್ಬರ್ ಗಿಡ ಅರ್ಧ ಬೋಳಾಯಿತು. ಮೇಲಿನ ಎಲೆಗಳು ಉಳಿದವು. ಬಳ್ಳಿ ಬದುಕಿತು. ಇದ್ದಿಲ ಬಣ್ಣದ ಗಿಡ ತನಗೇನೂ ಆಗಿಯೇ ಇಲ್ಲ ಎಂಬಂತಿತ್ತು. ಬಿಗೋನಿಯಾ ಮಾತ್ರ ಆ ಬ್ರಶ್ಶಿನ ಪ್ರೀತಿಯನ್ನು ತಾಳಲಾರದೆ ಹೋಯಿತು.

ಚಿಕ್ಕಪ್ಪ ಬಿಟ್ಟುಬಿಡಲಿಲ್ಲ, ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಪೇಪರು ಮಡಿಸಿಟ್ಟು, ಬರೀ ನೀರಿನಲ್ಲಿ ಅದ್ದಿದ ಬನಿಯನ್ ತುಂಡು ಹಿಡಿದು ಬೆಳಿಗ್ಗೆ ಬಂದು ನಿಂತರು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಇದನ್ನು ಕಂಡ ಪಕ್ಕದ ಮನೆಯಾಕೆ ಬಾಗಿಲಲ್ಲೇ ಕೆನ್ನೆಗೆ ಕೈ ಹಚ್ಚಿ, "ಎಷ್ಟು ಪುಣ್ಯ ಮಾಡಿದ್ರಿ ನೀವು! ಇಂಥ ಗಂಡ ಎಲ್ಲಿ ಸಿಗ್ತಾರೆ!" ಎಂದಳು.

"ಹೌದು ಕಣ್ರೀ" ಎಂದಳು ಚಿಕ್ಕಮ್ಮ. "ನನಗೂ ಯಾರಾದ್ರೂ ಹೀಗೊಂದು ಸರ್ಟಿಫಿಕೇಟ್ ಕೊಟ್ಟಿದ್ರೆ ಫ್ರೇಮ್ ಹಾಕಿಸ್ತಿದ್ದೆ."

ಪಕ್ಕದ ಮನೆಯಾಕೆ ನಕ್ಕು ಹೋದಳು. ಚಿಕ್ಕಪ್ಪ ನಗಲಿಲ್ಲ. ಒರೆಸಿದ್ದ ಎಲೆಯನ್ನೇ ನೋಡುತ್ತಿದ್ದರು.

"ನಿನ್ನೆ ತಾನೇ ಒರೆಸಿದ್ದೆ. ಎಲ್ಲಿಂದ ಬರುತ್ತೆ ಇಷ್ಟು ಧೂಳು?"

"ಯಾವಾಗ್ಲೂ ಬರ್ತಿತ್ತು."

ಅವರು ತಲೆ ಎತ್ತಿ ಫ್ಯಾನು ನೋಡಿದರು. ಕಪಾಟಿನ ಅಂಚು ನೋಡಿದರು. ಮೆಷಿನ್ನಿನ ಮುಚ್ಚಳದ ಮೇಲೆ ಬೆರಳಾಡಿಸಿ ಆ ಬೆರಳನ್ನು ನೋಡಿಕೊಂಡರು. "ಅಂದ್ರೆ ಇಷ್ಟು ವರ್ಷ ನೀನು..." ಎಂದು ನಿಲ್ಲಿಸಿದರು.

"ಪೂರ್ತಿ ಹೇಳಿ. ಅರ್ಧಕ್ಕೆ ಬಿಟ್ಟ ಹೊಲಿಗೆ ಬಿಚ್ಚಿಕೊಳ್ಳುತ್ತೆ."

"ಇಷ್ಟು ವರ್ಷ ನೀನು ದಿನಾ ಒರೆಸ್ತಿದ್ದೆ. ನನಗೆ ಗೊತ್ತೇ ಆಗ್ಲಿಲ್ಲ. ಥ್ಯಾಂಕ್ಸ್ ಕಣೇ." ಆ ಪದವನ್ನು ಅವರು ದಿನವಿಡೀ ಗಿರಾಕಿಗಳಿಗೆ ಹೇಳುತ್ತಾರೆ. ಮನೆಯಲ್ಲಿ ಹೇಳಿ ಅಭ್ಯಾಸವಿಲ್ಲದೆ ನಾಲಿಗೆ ತೊದಲಿತು.

ಚಿಕ್ಕಮ್ಮ ಇದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಾನು ಅವಳ ಪರವಾಗಿ ಸಿಟ್ಟಾದೆ: ಒಂದು ಥ್ಯಾಂಕ್ಸಿಗೆ ಇಷ್ಟು ಕಾಲ ಬೇಕಾಯಿತೇ, ಅದಕ್ಕೆ ಕೈ ಮುರಿಯಬೇಕಾಯಿತೇ? "ಸಿಟ್ಟು ನನಗೂ ಇದೆ, ಎಲ್ಲಿಗೂ ಹೋಗಿಲ್ಲ" ಎಂದಳು ಅವಳು. "ಆದ್ರೆ ಅತ್ತೆ ಆ ಮಂಡಿ ಇಟ್ಕೊಂಡು ಬಂದು ಕೂತ್ರಲ್ಲ, ಇವರು ಪೇಪರ್ ಮಡಿಸಿದ್ರಲ್ಲ, ಅದು ನನಗೆ ಬಂದಿದ್ದು. ಬಂದಿದ್ದನ್ನ ಬಂತು ಅನ್ನಬೇಕು. ನನಗೆ ಸಂತೋಷ ಆಯ್ತು ಕಣೆ, ಸುಳ್ಳು ಯಾಕೆ ಹೇಳ್ಲಿ."

ಪ್ಲಾಸ್ಟರ್ ತೆಗೆಸಿದ ಮರುದಿನ ಬೆಳಿಗ್ಗೆ, ಲೋಟ ತೊಳೆದಿಟ್ಟ ಚಿಕ್ಕಮ್ಮನ ಕೈ ತಾನಾಗಿ ಬನಿಯನ್ ತುಂಡಿನ ಕಡೆ ಹೋಯಿತು. ಅದು ಅಲ್ಲಿರಲಿಲ್ಲ. ಚಿಕ್ಕಪ್ಪ ಆಗಲೇ ಅದನ್ನು ಹಿಡಿದುಕೊಂಡು ಬಳ್ಳಿಯ ಹತ್ತಿರ ಬಗ್ಗಿದ್ದರು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಆ ಹೊತ್ತಿನಲ್ಲಿ ಕೂರುವುದು ಹೇಗೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲವಂತೆ. ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ಎಂದು ನೋಡಿಕೊಂಡಳಂತೆ.

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು. "ಏ, ನನ್ನ ರೂಮಿಗೂ ಒಂದು ತಂದಿಡೇ. ಆ ಇದ್ದಿಲ ಬಣ್ಣದ್ದು."

"ಎಲೆ ಹಸಿರಾಗಿರ್ಬೇಕು ಅಂತಿದ್ರಿ?" ಎಂದಳು ಚಿಕ್ಕಮ್ಮ.

"ಹಸಿರಿದ್ರೆ ಏನೂ ಗೊತ್ತಾಗೋದಿಲ್ಲ. ಇಲ್ಲಿ ಎಷ್ಟು ಧೂಳಿದೆ ಅಂತ ನನ್ನ ಮಗನಿಗೆ ಕಾಣ್ಲಿ."

ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. ಒರೆಸುತ್ತಿದ್ದ ಎಲೆಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಇದ್ದಿಲ ಬಣ್ಣದ ಗಿಡದ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾಯಿಯ ಕೋಣೆಗೆ ನಡೆದರು.