ಸಿಂಗಪುರದ ಡಾಕ್ಟರ ಅರ್ಜಿ

ಹಾಲಿನವಳನ್ನು ನೀರೆಷ್ಟು ಬೆರೆಸಿದೆಯೆಂದು ಕೇಳುವ, ದರ್ಜಿಯ ಅಳತೆಪಟ್ಟಿಯ ಮೇಲೂ ಸಂಶಯಪಡುವ ನಾವು, ಹಲ್ಲುನೋವು ಬಂದಾಗ ಮಾತ್ರ ಎದುರಿಗೆ ಇಕ್ಕಳ ಹಿಡಿದು ನಿಂತವನು ಎಲ್ಲಿ ಕಲಿತವನು ಎಂದು ವಿಚಾರಿಸದೆ ಬಾಯಿ ತೆರೆದುಬಿಡುತ್ತೇವೆ. ವಿಚಾರಿಸೋಣವೆಂದರೂ ತೆರೆದ ಬಾಯಿಂದ ಪ್ರಶ್ನೆ ಹೊರಡುವುದಿಲ್ಲ. ಸಕಲ ವ್ಯಾಕರಣವೂ ಒಂದು 'ಆ'ಕಾರದಲ್ಲಿ ಮುಗಿದುಹೋಗುತ್ತದೆ. ನಾವು ಕೇಳಲಾಗದ ಆ ಪ್ರಶ್ನೆಯನ್ನು ನಮ್ಮ ಪರವಾಗಿ ಸರಕಾರ ಕೇಳುತ್ತದೆಂಬುದೂ, ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಒಬ್ಬನ ತಲೆ ನರೆತುಹೋಗಬಹುದೆಂಬುದೂ ನನಗೆ ತಿಳಿದದ್ದು ಮೊಯ್ದೀನ್ ಸಾಹೇಬರಿಂದ.

ನಾನಾಗ ಮೂಡುಬಿದಿರೆಯ ಶಾಲೆಯಲ್ಲಿ ಕನ್ನಡ ಪಂಡಿತ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲೆನೆಂಬ ಅಪಖ್ಯಾತಿಯೂ ಇತ್ತು. ಸಾಹೇಬರು ಪಕ್ಕದ ತೋಡಾರಿನವರು. ಅವರ ತಂದೆ ಸಿಂಗಪುರದಲ್ಲಿ ಬಟ್ಟೆಯಂಗಡಿ ಇಟ್ಟಿದ್ದರು. ಮಗ ಅಲ್ಲೇ ದಂತವೈದ್ಯಕೀಯ ಕಲಿತು, ಅಲ್ಲೇ ಚಿಕಿತ್ಸಾಲಯ ತೆರೆದಿದ್ದ. ಯುದ್ಧದಲ್ಲಿ ಅಂಗಡಿಯೂ ಹೋಯಿತು, ತಂದೆಯೂ ಹೋದರು. ಐವತ್ತರ ದಶಕದ ಮೊದಲಲ್ಲಿ ಸಾಹೇಬರು ಹೆಂಡತಿಯೊಂದಿಗೆ ಊರಿಗೆ ಮರಳಿದಾಗ ಇಲ್ಲಿ ಹೊಸ ಕಾನೂನು ಬಂದಾಗಿತ್ತು: ಹಲ್ಲಿಗೆ ಕೈ ಹಾಕುವವನ ಹೆಸರು ಸರಕಾರದ ಪಟ್ಟಿಯಲ್ಲಿರಬೇಕು, ಹೆಸರು ಸೇರಬೇಕಾದರೆ ಪದವಿಪತ್ರ ತೋರಿಸಬೇಕು. ಪತ್ರ ಅವರಲ್ಲಿರಲಿಲ್ಲ. ಹಾಗಾಗಿ ಹದಿನೈದು ವರ್ಷ ಹಲ್ಲು ಕಟ್ಟಿದ ಆ ಕೈ, ಭಾವನ ಜೀನಸಿನ ಅಂಗಡಿಯಲ್ಲಿ ಬೆಲ್ಲ ತೂಗತೊಡಗಿತು.

ನಾನು ಒಮ್ಮೆ "ಡಾಕ್ಟ್ರೇ" ಎಂದಾಗ ಅವರು ತಕ್ಕಡಿ ಕೆಳಗಿಟ್ಟು, "ಹಾಗೆ ಕರೆಯಬೇಡಿ ಮಾಸ್ಟ್ರೇ. ಹೆಸರು ಪಟ್ಟಿಯಲ್ಲಿ ಬರಲಿ, ಮತ್ತೆ ಕರೆಯುವಿರಂತೆ" ಎಂದಿದ್ದರು. ಇದು ಬಾಯಿಮಾತಿನ ಶಿಸ್ತಲ್ಲ. ಬೆಳ್ತಂಗಡಿಯ ಕಡೆ ಲಾಯಿಲದ ಹೆಂಗಸೊಬ್ಬಳು ದವಡೆ ಊದಿಸಿಕೊಂಡು, ಸಿಂಗಪುರದ ಡಾಕ್ಟರರಿದ್ದಾರೆಂದು ಕೇಳಿ ಅಂಗಡಿಗೆ ಬಂದಳು. ಸಾಹೇಬರು ಇಕ್ಕಳ ಮುಟ್ಟಲಿಲ್ಲ. ಅಂಗಡಿ ಭಾವನಿಗೆ ಬಿಟ್ಟು, ಅವಳನ್ನೂ ಅವಳ ಗಂಡನನ್ನೂ ತಾವೇ ಬಸ್ಸು ಹತ್ತಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಚಿಕಿತ್ಸೆ ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ಹೋಗಬೇಕಾದವನು ಹೊರಗೆ ಕೂತ ಆ ಹೊತ್ತು ಹೇಗಿತ್ತೆಂದು ನಾನು ಕೇಳಲಿಲ್ಲ. ನನಗೆ ಕೇಳುವುದಕ್ಕಿಂತ ಹೇಳುವುದರಲ್ಲೇ ರುಚಿ.

ಅರ್ಜಿಗಳ ಪರ್ವ ಆರಂಭವಾಯಿತು. ಬಂಟ್ವಾಳದಲ್ಲಿ ನನ್ನ ಪರಿಚಯದ ವಕೀಲರೊಬ್ಬರಿದ್ದರು. ಅಫಿಡವಿಟ್ಟು ಮಾಡಿಸಲು ಅವರಲ್ಲಿಗೆ ಎಷ್ಟು ಸಲ ಅಲೆದೆವೋ! ಪ್ರತಿಯೊಂದು ಅರ್ಜಿಯಲ್ಲೂ ನಾನು 'ಅರ್ಜಿದಾರರ ಪದವಿಪತ್ರವು ಯುದ್ಧಕಾಲದಲ್ಲಿ ಕಳೆದುಹೋಗಿರುತ್ತದೆ' ಎಂಬ ವಾಕ್ಯವನ್ನು ನನಗೆ ತಿಳಿದ ಶ್ರೇಷ್ಠ ಇಂಗ್ಲಿಷಿನಲ್ಲಿ ಬರೆದೆ. ನಾವು ಮದ್ರಾಸಿಗೆ ಬರೆದೆವು. ಮದ್ರಾಸು ಇನ್ನಷ್ಟು ದಾಖಲೆ ಕೇಳಿತು. ಸಿಂಗಪುರದ ಕಾಲೇಜಿಗೆ ಬರೆದೆವು. ಅಲ್ಲಿನ ಕಡತಗಳೂ ಯುದ್ಧದಲ್ಲಿ ನಾಶವಾಗಿದ್ದವು. ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತು. ನಾವು ಕೂತಲ್ಲೇ ಕೂತಿದ್ದೆವು, ಕಡತ ಮಾತ್ರ ಬೆಂಗಳೂರಿಗೆ ಹೊರಟಿತು. ಸಾಹೇಬರ ವಿದ್ಯಾಭ್ಯಾಸ ಬರಬರುತ್ತಾ ನಿಜಾರ್ಥದಲ್ಲಿ ದಂತಕಥೆಯಾಗತೊಡಗಿತು.

ಕೊನೆಗೆ ಕೈ ಹಿಡಿದವರು ಅವರ ಹಳೆಯ ಪ್ರೊಫೆಸರು. ನಿವೃತ್ತರಾಗಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿದ್ದ ಅವರನ್ನು ಪತ್ರದ ಮೇಲೆ ಪತ್ರ ಬರೆದು ಹುಡುಕಿದೆವು. ಇಂಥ ವಿದ್ಯಾರ್ಥಿಯೊಬ್ಬ ತಮ್ಮಲ್ಲಿ ಕಲಿತು ಉತ್ತೀರ್ಣನಾದದ್ದು ಹೌದೆಂದು ಅವರು ಸಹಿ ಮಾಡಿ ಕಳುಹಿಸಿದರು. ಅದನ್ನು ಓದಿದ ಬೆಂಗಳೂರಿನವರು, ಅರ್ಜಿದಾರರು ಇಲ್ಲಿಗೆ ಬಂದು ಪರೀಕ್ಷಕರ ಎದುರು ಕೆಲಸ ಮಾಡಿ ತೋರಿಸಲಿ, ರೋಗಿಯನ್ನು ತಾವೇ ಕರೆತರಲಿ ಎಂದು ಉತ್ತರಿಸಿದರು.

ರೋಗಿ ಯಾರೆಂಬ ಪ್ರಶ್ನೆ ಬಂದಾಗ ನನ್ನ ಬಲದವಡೆಯ ಬುದ್ಧಿಹಲ್ಲು ಮಿಡಿಯಿತು. ಅದು ಅಡ್ಡಡ್ಡ ಬೆಳೆದು ಎರಡು ವರ್ಷದಿಂದ ಪೀಡಿಸುತ್ತಿತ್ತು. ನನ್ನ ಬುದ್ಧಿ ಯಾವ ದಿಕ್ಕಿಗೆ ಬೆಳೆದಿದೆಯೆಂಬುದಕ್ಕೆ ಅದೇ ಪ್ರಮಾಣವೆಂದು ನನ್ನ ಹೆಂಡತಿಯ ಮತ. "ಹೋಗುವ ಸಾಹೇಬ್ರೇ, ನಾನು ಬರ್ತೇನೆ" ಎಂದೆ. ಅವರು, "ಮಾಸ್ಟ್ರೇ, ಫೇಲಾಗುವ ಹೆದರಿಕೆ ನನಗಿಲ್ಲ. ಏಳು ವರ್ಷ ಬೆಲ್ಲ ತೂಗಿದ ಕೈ. ಇದು ಕೆಲಸ ಮರೆತಿದ್ದರೆ ಏನು ಮಾಡುವುದು?" ಎಂದರು. ಹಿಂದೆ ಸರಿಯಲು ನನಗೂ ಮನಸ್ಸಾಗಿತ್ತೆಂದು ಈಗ ಒಪ್ಪಿಕೊಳ್ಳಬಹುದು.

ಬೆಂಗಳೂರಿನ ಪರೀಕ್ಷಕರಿಬ್ಬರೂ ಸಾಹೇಬರಿಗಿಂತ ಕಿರಿಯರು. ನಾನು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ಸಾಹೇಬರು ಬೆರಳಿನಿಂದ ನನ್ನ ದವಡೆ ಒತ್ತಿ ನೋಡಿದರು. ಚುಚ್ಚುಮದ್ದು ಕೊಟ್ಟರು, ಕಾದರು, ಉಪಕರಣ ಎತ್ತಿಕೊಂಡರು. ಕೈ ಕೆಲಸವನ್ನು ಮರೆತಿರಲಿಲ್ಲ. ಅರ್ಧ ಗಂಟೆ ಅವರು ಯಾರನ್ನೂ ನೋಡಲಿಲ್ಲ. ಹಲ್ಲು ಎರಡು ತುಂಡಾಗಿ ತಟ್ಟೆಗೆ ಬಿತ್ತು. ಇಬ್ಬರಲ್ಲಿ ಕಿರಿಯ ಪರೀಕ್ಷಕರು ಬಗ್ಗಿ ಗಾಯ ನೋಡಿ, ತಾವೇ ಹೋಗಿ ಸಾಹೇಬರಿಗೆ ಕೈ ತೊಳೆಯುವ ನೀರು ತೋರಿಸಿದರು.

ಮರುದಿನ ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಕೆನ್ನೆ ಊದಿ ನನಗೆ ಒಂದಕ್ಷರ ಆಡಲಾಗುತ್ತಿರಲಿಲ್ಲ. ತಿರುವೊಂದು ಕಳೆದ ಮೇಲೆ ಸಾಹೇಬರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ಮಾಸ್ಟ್ರೇ, ನೀವು ಬರೆದ ಎಲ್ಲ ಅರ್ಜಿಯಲ್ಲಿ 'ಕಳೆದುಹೋಯಿತು' ಅಂತ ಉಂಟಲ್ಲ, ಅದು ಕಳೆದದ್ದಲ್ಲ. ನಾನೇ ಸುಟ್ಟದ್ದು. ಅದರಲ್ಲಿ ಇಂಗ್ಲಿಷರ ರಾಜಮುದ್ರೆ ಇತ್ತು. ಸಿಂಗಪುರ ಹಿಡಿದ ಜಪಾನಿನ ಸೈನಿಕರು ಮನೆ ಮನೆ ಹುಡುಕುತ್ತಿದ್ದರು. ಹಿಂದಿನ ದಿನ ಪಕ್ಕದ ಮನೆಯವನನ್ನು ಕೊಂಡುಹೋಗಿದ್ದರು. ಅಪ್ಪ ಹೇಳಿದರು, 'ಅದನ್ನು ಹೂಳು ಮಗಾ, ಸುಡಬೇಡ, ನಾನು ಅಂಗಡಿ ಅಡವಿಟ್ಟು ಓದಿಸಿದ್ದು' ಅಂತ. ನನಗೆ ಹೆದರಿಕೆ. ಅವರ ಎದುರೇ ಒಲೆಗೆ ಹಾಕಿದೆ. ಸೈನಿಕರು ನಮ್ಮ ಮನೆಗೆ ಬರಲೇ ಇಲ್ಲ. ಅಪ್ಪ ಮತ್ತೆ ನನ್ನಲ್ಲಿ ಆ ಮಾತು ಎತ್ತಲಿಲ್ಲ, ತೀರಿಹೋಗುವವರೆಗೂ."

ಬಾಯಿ ಸರಿಯಿದ್ದಿದ್ದರೆ ನಾನು ತಕ್ಷಣ 'ಹೋಗಲಿ ಬಿಡಿ, ಯಾರಾದರೂ ಅದನ್ನೇ ಮಾಡುತ್ತಿದ್ದರು' ಎಂದುಬಿಡುತ್ತಿದ್ದೆ. ಅವರು ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ಏಳು ವರ್ಷ ಒಳಗೇ ಇಟ್ಟುಕೊಳ್ಳುತ್ತಿದ್ದರು. ಈಗ ಅವರ ಕೈಯನ್ನು ಹಿಡಿದುಕೊಂಡೆ, ಅಷ್ಟೇ. ಅವರು ಅತ್ತರು, ಮತ್ತೆ ತಂದೆಯ ವಿಷಯ ಹೇಳತೊಡಗಿದರು. ಬೆಳ್ತಂಗಡಿ ದಾಟುವವರೆಗೂ ಹೇಳಿದರು.

ಎರಡು ತಿಂಗಳಿಗೆ ಅವರ ಹೆಸರು ಪಟ್ಟಿ ಸೇರಿತು. ಅವರನ್ನು ಮೊದಲು "ಡಾಕ್ಟ್ರೇ" ಎಂದು ಕರೆದವನು ನಾನೇ. ಈ ಸಲ ಅವರು ಬೇಡವೆನ್ನಲಿಲ್ಲ. ನನಗೂ ಒಂದು ಲಾಭವಾಗಿದೆ. ಯಾರಾದರೂ ತಮ್ಮ ಕಷ್ಟ ಹೇಳಲು ಕೂತರೆ, ಈಗ ನಾನು ಉಳಿದ ಹಲ್ಲುಗಳನ್ನು ಕಚ್ಚಿ ಹಿಡಿದು ಸುಮ್ಮನೆ ಕೇಳುತ್ತೇನೆ.