ಬೆರಳು ತೋರಿಸುವ ಕೆಲಸ

ಚೆನ್ನೈನಲ್ಲಿ ಎಂಥ ಚಳಿಗಾಲ ಅಂತ ನಗಬೇಡಿ. ಡಿಸೆಂಬರ್‌ನಲ್ಲಿ ಹಾಯಿದೋಣಿ ಹತ್ತಿ ದಡ ಕಾಣದಷ್ಟು ದೂರ ಹೋಗಿ ನೋಡಿ, ಹಲ್ಲು ಕಟಕಟ ಅನ್ನುತ್ತೆ. ಗಿಂಡಿಯ ಆಫೀಸಿನಲ್ಲಿ ಕೂತು ಕೂತು ತಲೆಕೆಟ್ಟು ನಾನು ಮೂರು ದಿನದ ನಾವಿಕ ತರಬೇತಿಗೆ ಸೇರಿದ್ದೆ. ದೋಣಿಯಲ್ಲಿ ನಾವು ನಾಲ್ಕೇ ಜನ: ತಮಿಳಿನವರಾದ ಕ್ಯಾಪ್ಟನ್, ಅವರ ಸಹಾಯಕಿ, ನಾನು, ಮತ್ತೆ ನನ್ನ ಹಾಗೇ ಕಲಿಯಲು ಬಂದಿದ್ದ ಕುಂದಾಪುರದವರೊಬ್ಬರು. ಚೆನ್ನೈನ ಪುರಸೈವಾಕ್ಕಂನಲ್ಲಿ ಅವರದ್ದು ಸಸ್ಯಾಹಾರಿ ಹೋಟೆಲು.

ಎರಡನೆಯ ದಿನ ಬೆಳಗ್ಗೆ ಗಾಳಿ ಜೋರಾಯಿತು. ಮೈಯೆಲ್ಲ ಒದ್ದೆ, ಕಣ್ಣಿಗೆ ನಿದ್ದೆಯಿಲ್ಲ. "ಹೋಟೆಲಿನವರು ಜೊತೆಗಿದ್ದೂ ಒಂದು ಲೋಟ ಕಾಫಿಗೆ ಗತಿಯಿಲ್ಲವಲ್ಲ ನಮಗೆ!" ಅಂತ ಸಿಡುಕಿದೆ. ಪಾಪ, ಅವರು "ತರ್ತೇನೆ ಮಾರಾಯ್ರೆ" ಅಂತ ಕೆಳಗಿನ ಅಡುಗೆಮೂಲೆಗೆ ಇಳಿದರು.

ಮೇಲೆ ಓಡಾಡುವಾಗ ಸೊಂಟಪಟ್ಟಿಯ ಕೊಕ್ಕೆಯನ್ನು ದೋಣಿಯ ಹಗ್ಗಕ್ಕೆ ಸಿಕ್ಕಿಸಿಕೊಳ್ಳಲೇಬೇಕು. ಅದಕ್ಕೆ ಒಂದು ಕೈ ಖಾಲಿ ಇರಬೇಕು. ಆದರೆ ಅವರು ಮೂವತ್ತು ವರ್ಷ ಸಪ್ಲೈ ಮಾಡಿದ ಮನುಷ್ಯ. ಎರಡೂ ಕೈಯಲ್ಲಿ ಎರಡೆರಡು ಲೋಟ ಹಿಡಿದು, ಕೊಕ್ಕೆ ಸಿಕ್ಕಿಸದೆ, ಹೋಟೆಲಿನ ಟೇಬಲ್ಲುಗಳ ನಡುವೆ ಬಂದ ಹಾಗೆ ಬಂದೇಬಿಟ್ಟರು. ಅಲೆಯೊಂದು ಬಡಿಯಿತು. ನೋಡಿದರೆ ಆಸಾಮಿ ನೀರಿನಲ್ಲಿ!

ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಬೇರೇನೂ ಮಾಡಕೂಡದು. ಬಿದ್ದವರತ್ತ ಕೈ ಚಾಚಿ ಬೆರಳು ತೋರಿಸುತ್ತಾ ನಿಲ್ಲಬೇಕು. ಕಣ್ಣು ತಪ್ಪಿದರೆ ಕೂಡಲೇ ಕೂಗಿ ಹೇಳಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಕಿತ್ತಳೆ ಬಣ್ಣದ ಅವರ ಲೈಫ್ ಜಾಕೆಟ್ ಅಲೆಯ ಮೇಲೆ ಏಳುತ್ತಿತ್ತು, ಮರೆಯಾಗುತ್ತಿತ್ತು. ದೋಣಿ ತಿರುಗುವಷ್ಟರಲ್ಲಿ ಅದು ಅಂಗೈಯಷ್ಟಾಗಿತ್ತು.

ಆಗಲೇ ಕನ್ನಡಕಕ್ಕೆ ನೀರು ರಾಚಿತು. ಒರೆಸಿಕೊಂಡೆ, ಅಷ್ಟೇ. ನೋಡಿದರೆ ಬರೀ ಅಲೆ. ಅಯ್ಯೋ ದೇವರೇ! ಕೂಗಬೇಕಿತ್ತು, ಕೂಗಲಿಲ್ಲ. ಕಾಫಿ ಕೇಳಿ ಬೀಳಿಸಿದವಳು ಈಗ ಕಣ್ಣೂ ತಪ್ಪಿಸಿದಳು ಅಂತಾರಲ್ಲ ಅನ್ನೋ ಹಾಳು ಮರ್ಯಾದೆ. ಖಾಲಿ ನೀರಿನತ್ತ ಬೆರಳು ಹಿಡಿದೇ ನಿಂತೆ. ಕ್ಯಾಪ್ಟನ್ ಅದನ್ನೇ ನಂಬಿ ದೋಣಿ ನಡೆಸಿದರು. ಹಾಗೇ ಎಷ್ಟು ಹೊತ್ತು ಹೋಯಿತೋ. ಕೊನೆಗೆ ಕೊಂಚ ಎಡಕ್ಕೆ ಕಿತ್ತಳೆ ಚುಕ್ಕೆ ಕಂಡಿತು. ಮೊದಲಿಂದಲೂ ನೋಡುತ್ತಿದ್ದವಳ ಹಾಗೆ ಕೈಯನ್ನು ಮೆಲ್ಲಗೆ ಅತ್ತ ಸರಿಸಿದೆ.

ಮೂವರೂ ಸೇರಿ ಅವರನ್ನು ಎಳೆದು ಹತ್ತಿಸಿದೆವು. ಸಹಾಯಕಿ ಕಂಬಳಿ ಹೊದಿಸಿದಳು. ಕ್ಯಾಪ್ಟನ್ ನನ್ನ ಬೆನ್ನು ತಟ್ಟಿ ಭೇಷ್ ಅಂದರು. ಅವರಿಬ್ಬರೂ ಹಾಯಿ ಸರಿಪಡಿಸಲು ಅತ್ತ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ನಡುವೆ ನೀವು ನನಗೆ ಕಾಣಲೇ ಇಲ್ಲ. ಸುಮ್ಮನೆ ಎಲ್ಲಿಗೋ ಬೆರಳು ತೋರಿಸ್ತಿದ್ದೆ," ಅಂದವಳೇ ಅತ್ತುಬಿಟ್ಟೆ.

ಅವರ ತುಟಿ ಇನ್ನೂ ನೀಲಿಗಟ್ಟಿತ್ತು. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

"ನಂಗೆ ನಿಮ್ಮ ಕೈ ಕಾಣ್ತಿತ್ತು. ಅದು ಬೇರೆ ಕಡೆಗಿದೆ ಅಂತ್ಲೂ ಗೊತ್ತಾಯ್ತು," ಅಂದರು. "ಅದ್ಕೇ ನಿಮ್ಮ ಬೆರಳಿದ್ದ ಕಡೆಗೇ ಈಜಿದೆ ಮಾರಾಯ್ರೆ."