ಕಡಿಯುವ ಮೊದಲು ಗುರುಬಾಯಿಯನ್ನು ಕರೆಯಿರಿ

ಬನಹಟ್ಟಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾವರ್‌ಲೂಮ್‌ಗಳ ಖಟಪಟ ಮಾತ್ರ ಆಗಲೇ ಶುರುವಾಗಿದೆ. ಹಾಲವ್ವನವರ ಹಿತ್ತಲಲ್ಲಿ ಗುರುಬಾಯಿ ಮಣೆಯ ಮೇಲೆ ಕುಳಿತು, ಕರಿಬೇವಿನ ಮರಿಯೊಂದರ ಬುಡವನ್ನು ಬೆರಳಿನಿಂದ ಮೆಲ್ಲಗೆ ಕೆದಕುತ್ತಿದ್ದಾರೆ. ಪಕ್ಕದಲ್ಲೇ ಇದರ ತಾಯಿ ಗಿಡ. ಅದರ ಬೇರು ನೀರಿನ ಟಾಕಿಯ ಗೋಡೆಯನ್ನು ಸೀಳಿದೆ. ರಿಪೇರಿಗೆ ಗೋಡೆ ಕಟ್ಟುವ ಗೌಂಡಿ ಇವತ್ತೇ ಬರುತ್ತಾನೆ. ಮರಿ ಬದುಕಿದ್ದು ಖಾತ್ರಿಯಾದರೆ ಮಾತ್ರ ತಾಯಿ ಗಿಡಕ್ಕೆ ಕೊಡಲಿ ಹಾಕಲು ಬಿಡುತ್ತೇನೆಂದು ಹಾಲವ್ವ ಪಟ್ಟು ಹಿಡಿದಿದ್ದಾರೆ. ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅವರೇ ನೆಟ್ಟ ಗಿಡ ಅದು.

‘ಹೋದ ತಿಂಗಳ ಸಲಿಕಿ ಹಾಕಿ ತಾಯಿ ಬೇರಿನಿಂದ ಇದನ್ನ ಬ್ಯಾರೆ ಮಾಡೀನ್ರಿ. ಆದ್ರ ಕಿತ್ತಿಲ್ಲ, ಇದ್ದಲ್ಲೇ ಬಿಟ್ಟೀನಿ. ತನ್ನ ಬೇರ ತಾನ ಬಿಟ್ಟಕೊಳ್ಳಬೇಕು. ಅವಸರ ಮಾಡಿದ್ರ ಕೈಗೆ ಹತ್ತೂದಿಲ್ಲ,’ ಎನ್ನುತ್ತಾರೆ ಗುರುಬಾಯಿ. ಮರಿಯ ಎಲೆಗಳು ಉದುರಿವೆ. ಹಾಲವ್ವ ಗಳಿಗೆಗೊಮ್ಮೆ ಬಂದು ಅದನ್ನು ನೋಡಿ ಹೋಗುತ್ತಾರೆ.

ಅರವತ್ತು ದಾಟಿದ ಗುರುಬಾಯಿ ಮೂಲತಃ ನೇಕಾರರು. ಇದೇ ಮನೆಯ ಕೈಮಗ್ಗದಲ್ಲಿ ಕೂಲಿಗೆ ಸೀರೆ ನೇಯ್ದವರು. ಮಗ್ಗ ನಿಂತ ಮೇಲೆ ಸುಮ್ಮನೆ ಕೂರಲಾಗದೆ ಮನೆಮನೆಯ ಹಿತ್ತಲಲ್ಲಿ ಕಸ ಕೀಳಲು ಹೋದರು. ಈಗ ರಬಕವಿ, ಬನಹಟ್ಟಿ, ಬಸ್ಸು ಸಿಕ್ಕರೆ ಚಿಮ್ಮಡದವರೆಗೂ, ಯಾವುದೋ ಗಿಡ ಹದ್ದು ಮೀರಿತೆಂದರೆ ಇವರಿಗೇ ಫೋನು. ದಿನಕ್ಕೆ ಎರಡು ಮನೆ. ಮೂರನೆಯದಕ್ಕೆ ಹೊರಟರೆ ಮೊಳಕಾಲು ಒಪ್ಪುವುದಿಲ್ಲ.

ಗಿಡಗಳ ಮೇಲೆ ಅವರಿಗೆ ಸಿಟ್ಟಿಲ್ಲ, ಸಿಟ್ಟೆಲ್ಲ ನೆಡುವವರ ಮೇಲೆ. ‘ಪುದೀನಾ ಬೇಕಾದಲ್ಲಿ ಹಚ್ಚತೀರಿ, ಆಮ್ಯಾಲ ಅಂಗಳ ತುಂಬ ಹಬ್ಬೇತಿ ಅಂತ ಬಾಯಿ ಬಡಕೋತೀರಿ. ತಳ ಕೊಯ್ದ ಡಬ್ಬಿ ಹುಗದು ಅದರಾಗ ಹಚ್ರಿ ಅಂದ್ರ ಯಾರ ಕೇಳ್ತಾರ?’ ಜೇಕಿನ ಹುಲ್ಲನ್ನು ಗಡ್ಡೆ ಸಮೇತ ಅಗೆದು ತೆಗೆಯುತ್ತಾರೆ, ಎಷ್ಟು ಹೊತ್ತಾದರೂ ಸರಿ. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಗೆ ಮಾತ್ರ ಕೈಮುಗಿದು ಕಿತ್ತು, ಹಳ್ಳದ ದಂಡೆಗೆ ಒಯ್ದು ನೆಡುತ್ತಾರೆ.

ಬೆರಳಿಗೆ ಏನೋ ತಾಗಿತು. ಗುರುಬಾಯಿಯ ಮುಖ ಅರಳುತ್ತದೆ. ‘ಅಕ್ಕಾರ, ಬರ್ರಿಲ್ಲೆ. ಬಿಳೀ ಬೇರ ಬಂದಾವು. ಜೀವ ಹಿಡದೈತಿ!’ ಹಾಲವ್ವ ಬಗ್ಗಿ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ‘ಇನ್ನ ಗೌಂಡಿಗೆ ಬರಾಕ ಹೇಳು,’ ಎಂದು ಸೊಸೆ ಕಾಂಚನಾಗೆ ಅಪ್ಪಣೆಯಾಗುತ್ತದೆ.

ಕಾಂಚನಾಳ ಚಿಂತೆ ಬೇರೆ. ‘ಇದನ್ನರ ಎಲ್ಲಿ ಹಚ್ಚೂದ್ರಿ? ಮತ್ತ ಬೇರ ಹಬ್ಬಿದ್ರ?’

ಗುರುಬಾಯಿ ಮರಿಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿಕೊಂಡು, ಮಾಡು ಬಿದ್ದ ಹಳೆಯ ಮಗ್ಗದ ಕೋಣೆಗೆ ಹೋಗುತ್ತಾರೆ. ಅಲ್ಲಿ ನೆಲದಲ್ಲೊಂದು ಕುಣಿ, ನಾಲ್ಕೂ ಕಡೆ ಕಲ್ಲು ಕಟ್ಟಿದ್ದು. ನೇಯುವವರು ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದ ಕುಣಿ. ಈಗ ಅದರ ತುಂಬ ಒಡೆದ ಹೆಂಚು. ಹೆಂಚು ಆರಿಸಿ ತೆಗೆದವರು ಹಳೆಯ ರೂಢಿಯಂತೆ ಕಾಲು ಇಳಿಬಿಟ್ಟು ಕುಳಿತೇಬಿಡುತ್ತಾರೆ. ಒಂದಷ್ಟು ಹೊತ್ತು ಏಳುವುದಿಲ್ಲ. ಪಂಚಮಿ ಹಬ್ಬ ಹತ್ತಿರ ಬಂತೆಂದರೆ ಸೀರೆಗೆ ಬೇಡಿಕೆ ಹೆಚ್ಚಿ ಇಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲವಂತೆ. ಹಾಲವ್ವ ಚಹಾ ತಂದು ಪಕ್ಕದಲ್ಲಿಟ್ಟರೆ ಕುಡಿಯುವ ಹೊತ್ತಿಗೆ ಆರಿ ತಣ್ಣಗಾಗಿರುತ್ತಿತ್ತು. ‘ಆ ಚಹಾದ ರುಚಿ ಮತ್ತೆಲ್ಲೂ ಸಿಗಲಿಲ್ರಿ,’ ಎನ್ನುತ್ತಾರೆ.

ಮಣ್ಣು ತುಂಬಿ ಮರಿಯನ್ನು ನೆಡುವಷ್ಟರಲ್ಲಿ ಗೌಂಡಿ ಬಂದಾಗಿದೆ; ಹಿತ್ತಲಲ್ಲಿ ಅವನ ಕೊಡಲಿ ಪೆಟ್ಟು ಕೇಳಿಸುತ್ತಿದೆ. ಹಾಲವ್ವ ಆ ಕಡೆ ನೋಡದೆ, ಮರಿಗೆ ತಂಬಿಗೆಯಿಂದ ನೀರು ಹಾಕುತ್ತಾರೆ.

‘ಇಲ್ಲಿಂದ ಹೊರಗ ಬರೂದಿಲ್ಲಲ್ರಿ?’ ಕಾಂಚನಾಗೆ ಇನ್ನೂ ಅನುಮಾನ.

ಗುರುಬಾಯಿ ನಗುತ್ತಾರೆ. ‘ಹರೇದಾಗ ಕುಂತಾಕಿನ್ನ ಈ ಕುಣಿ ತಲಿ ಬೆಳ್ಳಗಾಗೂ ತನಕ ಹೊರಗ ಬಿಡಲಿಲ್ಲ, ಗಿಡಾನ ಬಿಡತೈತೇನವ್ವಾ? ಆದ್ರ ಇದರಾಗ ಕಾಲಿಟ್ಟು ನಾ ನೇಯ್ದ ಸೀರಿ ಉಟ್ಟು ಎಷ್ಟೋ ಮಂದಿ ಮದಿವಿ ಆಗ್ಯಾರ. ಇದೂ ಛಲೋನ ಬೆಳಿತೈತಿ, ತಗೋ.’